ಕೊನೆಯ ನಾಲ್ಕು ಮೈಲಿಗೆ ಒಂದು ಪಿಕಪ್

ಅಮೆರಿಕದ ಕೊಲೊರಾಡೊದಲ್ಲಿ ಫೇರ್‌ಪ್ಲೇ ಅಂತ ಒಂದು ಸಣ್ಣ ಊರಿದೆ. ಸಮುದ್ರಮಟ್ಟದಿಂದ ಸುಮಾರು 9,950 ಅಡಿ ಎತ್ತರ. ನಮ್ಮ ಮನೆ ಅಲ್ಲಿಂದ ಇನ್ನೂ ಸ್ವಲ್ಪ ಆಚೆ. ಹೈವೇ ಬಿಟ್ಟ ಮೇಲೆ ನಾಲ್ಕು ಮೈಲಿ ಮಣ್ಣಿನ ರಸ್ತೆ. ಹೆಂಡತಿ ನರ್ಸ್. ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟು, 11,500 ಅಡಿಗಿಂತ ಎತ್ತರದ ಹೂಜಿಯರ್ ಪಾಸ್ ಅನ್ನೋ ಘಾಟಿ ಹತ್ತಿಳಿದು ಆಸ್ಪತ್ರೆಗೆ ಹೋಗುತ್ತಾಳೆ. ಸ್ನೋ ಬಿತ್ತು ಅಂತ ರಜೆ ಹಾಕುವ ಕೆಲಸ ಅಲ್ಲ ಅದು.

ಮೊದಲ ಚಳಿಗಾಲ ನಮ್ಮ ಹತ್ತಿರ ಇದ್ದದ್ದು ಒಂದು ಆಲ್ ವೀಲ್ ಡ್ರೈವ್ ಕಾರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆವು. ಒಂದು ದಿನ ಬೆಳಿಗ್ಗೆ ಐದೂ ಹತ್ತಕ್ಕೆ ಫೋನ್ ಬಂತು. "ರೀ, ಗಾಡಿ ಅಲ್ಲಾಡ್ತಾ ಇಲ್ಲ." ಸಲಿಕೆ ಹಿಡಿದು ನಡೆದುಕೊಂಡು ಹೋದೆ. ರಾತ್ರಿಯ ಗಾಳಿ ರಸ್ತೆಯ ಒಂದು ತಗ್ಗಿನಲ್ಲಿ ಹಿಮವನ್ನು ಗುಡ್ಡೆ ಹಾಕಿತ್ತು. ಕಾರಿನ ಹೊಟ್ಟೆ ಆ ಗುಡ್ಡೆಯ ಮೇಲೆ ಕೂತಿತ್ತು. ನಾಲ್ಕೂ ಚಕ್ರ ಚೆನ್ನಾಗಿಯೇ ತಿರುಗುತ್ತಿದ್ದವು, ಆದರೆ ನೆಲಕ್ಕೆ ತಾಗುತ್ತಿರಲಿಲ್ಲ.

ಪಕ್ಕದ ಜಮೀನಿನ ಅಜ್ಜ ತನ್ನ ಹಳೇ ಪಿಕಪ್ ತಂದು ಎಳೆದು ಹಾಕಿದ. ಇನ್ನು ಪಿಕಪ್ಪೇ ತಗೊಳ್ಳಬೇಕು, ಯಾವುದು ಒಳ್ಳೆಯದು ಅಂತ ಅವನನ್ನೇ ಕೇಳಿದೆ. ಅವನು ಯಾವ ಹೆಸರನ್ನೂ ಹೇಳಲಿಲ್ಲ. "ನಿನ್ನ ರಸ್ತೆ ಎಲ್ಲಿ ಕೈ ಕೊಡುತ್ತೆ, ಅದು ಗೊತ್ತಾ ನಿನಗೆ?" ಅಂತ ಕೇಳಿದ. ಗೊತ್ತಿರಲಿಲ್ಲ. ಅಲ್ಲಿಂದ ಗಾಡಿ ಕೊಳ್ಳುವವರೆಗೆ ನಾವು ಮಾಡಿದ್ದನ್ನೂ, ಮಾಡಿ ಕೆಡಿಸಿಕೊಂಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮೊಂಟಾನಾ, ಐಡಹೊ, ಕೆನಡಾದ ಆಲ್ಬರ್ಟಾ ಕಡೆ ಹಳ್ಳಿಯಲ್ಲಿ ಮನೆ ಮಾಡಿರುವವರಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಮೊದಲು ರಸ್ತೆ ನಡೆದು ನೋಡಿ

ಡೀಲರ್ ಹತ್ತಿರ ಹೋಗುವ ಮೊದಲು ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ನಿಮ್ಮ ರಸ್ತೆಯ ಮೇಲೆ ನಡೆಯಿರಿ. ಎರಡು ಸಲ ನಡೆಯಬೇಕು. ಒಮ್ಮೆ ಒಣಗಿದ್ದಾಗ, ಒಮ್ಮೆ ಹಿಮ ಬಿದ್ದ ಮರುದಿನ. ಹಿಮ ಎಲ್ಲಿ ಎಷ್ಟು ಇಂಚು ನಿಂತಿದೆ? ಚಕ್ರದ ಜಾಡು ಎಷ್ಟು ಆಳ, ಜಾಡಿನ ನಡುವಿನ ದಿಬ್ಬ ಎಷ್ಟು ಎತ್ತರ? ಅತಿ ಕಡಿದಾದ ಏರು ಎಲ್ಲಿ, ಅಲ್ಲಿ ನೆರಳು ಬೀಳುತ್ತದಾ? ನೆರಳಿದ್ದ ಕಡೆ ಮಂಜುಗಡ್ಡೆ ಮಧ್ಯಾಹ್ನವಾದರೂ ಕರಗುವುದಿಲ್ಲ. ಕಲ್ಲು ಉರುಟಾಗಿದೆಯೋ ಚೂಪಾಗಿದೆಯೋ? ರಸ್ತೆಯ ಹಿಮವನ್ನು ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಗುಡಿಸುತ್ತಾರೋ, ನೀವೇ ಮಾಡಿಕೊಳ್ಳಬೇಕೋ? ಗುಡಿಸುವುದಾದರೆ ಎಷ್ಟು ಗಂಟೆಗೆ ಬರುತ್ತಾರೆ?

ನಮ್ಮ ಲೆಕ್ಕ ನೋಡಿ ನಮಗೇ ಆಶ್ಚರ್ಯವಾಯಿತು. ನಾಲ್ಕು ಮೈಲಿಯಲ್ಲಿ ಮೂರು ಮುಕ್ಕಾಲು ಮೈಲಿ ಐದಾರು ಇಂಚು ಹಿಮ, ಅಷ್ಟೇ. ಕಾಟ ಕೊಡುತ್ತಿದ್ದದ್ದು ಆ ತಗ್ಗಿನ ಇನ್ನೂರು ಅಡಿ ಮಾತ್ರ. ಅಲ್ಲಿ ಹದಿನಾಲ್ಕು ಇಂಚು. ಅದೂ ಹತ್ತಿಯ ಹಾಗೆ ಹಗುರವಾದ ಹಿಮ ಅಲ್ಲ, ಗಾಳಿ ಬಡಿದು ಬಡಿದು ಗಟ್ಟಿಯಾದದ್ದು. ಮೇಲೆ ನಿಂತರೆ ಕಾಲು ಹೂತುಕೊಳ್ಳುವುದಿಲ್ಲ. ಹಗುರ ಹಿಮವನ್ನು ಗಾಡಿ ತಳ್ಳಿಕೊಂಡು ಹೋಗುತ್ತದೆ. ಇದು ಹಾಗಲ್ಲ, ಗಾಡಿಯನ್ನೇ ಎತ್ತಿ ಕೂರಿಸುತ್ತದೆ.

ಇನ್ನೊಂದು ಸಮಸ್ಯೆ ಬೇಸಿಗೆಯದು. ಮಣ್ಣಿನ ರಸ್ತೆ ಒಣಗಿದಾಗ ಅಡ್ಡಡ್ಡ ಅಲೆ ಏಳುತ್ತದೆ, ಊರಲ್ಲಿ ದನದ ಕೊಟ್ಟಿಗೆಗೆ ಹೊದಿಸುವ ಸಿಮೆಂಟ್ ಶೀಟಿನ ಹಾಗೆ. ಮೂರು ಮೈಲಿ ಅಂಥ ಶೀಟಿನ ಮೇಲೆ ದಿನಾ ಎರಡು ಸಲ ಹೋದರೆ ಗಾಡಿಯ ನಟ್ಟು ಬೋಲ್ಟೆಲ್ಲ ಸಡಿಲ. ಹಿಮ ವರ್ಷಕ್ಕೆ ಆರು ತಿಂಗಳು, ಈ ಅಲೆ ಉಳಿದ ಆರು ತಿಂಗಳು. ಎರಡಕ್ಕೂ ಒಂದೇ ಗಾಡಿ ಬೇಕಿತ್ತು.

ಗಾಡಿಯ ತಳಕ್ಕಿಂತ ಎತ್ತರದ ಹಿಮ ನಿಮ್ಮ ರಸ್ತೆಯಲ್ಲಿ ವಾರಕ್ಕೆರಡು ಸಲ, ಮೈಲಿಗಟ್ಟಲೆ ನಿಲ್ಲುತ್ತದಾ? ಹಾಗಿದ್ದರೆ ಯಾವ ಪಿಕಪ್ ತಂದರೂ ಉಪಯೋಗ ಇಲ್ಲ. ನಿಮಗೆ ಬೇಕಾಗಿರುವುದು ಹಿಮ ತಳ್ಳುವ ಪ್ಲೌ, ಇಲ್ಲವೇ ಪ್ಲೌ ಇರುವ ಅಕ್ಕಪಕ್ಕದವರ ಜೊತೆ ಒಂದು ಒಪ್ಪಂದ. ನಾವು ಆ ಇನ್ನೂರು ಅಡಿಗೆ ಅಜ್ಜನ ಜೊತೆ ಒಪ್ಪಂದ ಮಾಡಿಕೊಂಡೆವು. ಗಾಡಿಯ ಬಜೆಟ್ಟಿನಲ್ಲಿ ಎಷ್ಟೋ ಸಾವಿರ ಡಾಲರ್ ಉಳಿಯಿತು.

ಎಷ್ಟು ದೊಡ್ಡ ಗಾಡಿ?

ಇಲ್ಲಿ ಪಿಕಪ್ ಅಂದರೆ ಮೂರು ಅಳತೆ. ಟಕೋಮಾ, ಫ್ರಾಂಟಿಯರ್, ರೇಂಜರ್, ಷೆವಿ ಕೊಲೊರಾಡೊ, ಗ್ಲಾಡಿಯೇಟರ್ ನಡುಗಾತ್ರದವು. ಎಫ್-150, ಸಿಲ್ವೆರಾಡೊ 1500, ರಾಮ್ 1500, ಟಂಡ್ರಾ ಪೂರ್ತಿ ಗಾತ್ರದವು. ಇವಕ್ಕೆ 'ಹಾಫ್ ಟನ್' ಅನ್ನುತ್ತಾರೆ. ಅದರ ಮೇಲೆ 2500, 250 ಅಂತ ಹೆಸರಿರುವ ಭಾರಿ ಗಾಡಿಗಳು.

ಕಿರಿದಾದ ಮಣ್ಣಿನ ರಸ್ತೆಗೆ ನನ್ನ ಮತ ನಡುಗಾತ್ರಕ್ಕೆ. ಟಕೋಮಾ ಅಗಲ ಸುಮಾರು 75 ಇಂಚು, ಎಫ್-150 ಅಗಲ ಕನ್ನಡಿ ಬಿಟ್ಟು ಸುಮಾರು 80. ಐದು ಇಂಚು ಏನು ಮಹಾ ಅನ್ನಿಸಬಹುದು. ಎದುರಿಂದ ಇನ್ನೊಂದು ಗಾಡಿ ಬಂದು, ನಿಮ್ಮ ಪಕ್ಕದಲ್ಲಿ ಹಿಮ ಮುಚ್ಚಿದ ಚರಂಡಿ ಇದ್ದಾಗ ಆ ಐದು ಇಂಚಿನ ಬೆಲೆ ಗೊತ್ತಾಗುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಕಾರ್ ಸೀಟ್ ಇದ್ದರೆ ನಡುಗಾತ್ರದ ಗಾಡಿ ನಿಜಕ್ಕೂ ಇಕ್ಕಟ್ಟು. ಸೀಟುಗಳನ್ನು ಜೊತೆಗೇ ಒಯ್ದು ಕೂರಿಸಿ ನೋಡಿ. ಭಾರಿ ಗಾಡಿ ಬೇಕಾಗುವುದು ಮುಂದೆ ಪ್ಲೌ ಕಟ್ಟುವವರಿಗೆ, ಕುದುರೆ ಟ್ರೇಲರ್ ಎಳೆಯುವವರಿಗೆ. ಸುಮ್ನೆ ಓಡಾಡಲು ಅದು ಬೇಡ. ಖಾಲಿ ಇದ್ದಾಗ ಅದರ ಗಟ್ಟಿ ಸ್ಪ್ರಿಂಗು ಆ ಶೀಟ್ ರಸ್ತೆಯಲ್ಲಿ ಹಲ್ಲು ಉದುರಿಸುತ್ತದೆ.

ಊರಿನಿಂದ ಫೋನ್ ಮಾಡುವವರು ಕೇಳುವ ಒಂದು ಪ್ರಶ್ನೆ: "ಹೈಲಕ್ಸ್ ತಗೊಳ್ಳಬಹುದಿತ್ತಲ್ಲ?" ಟೊಯೋಟಾದ ಆ ಹೈಲಕ್ಸ್ ಪಿಕಪ್ ಇಲ್ಲಿ ಮಾರುವುದೇ ಇಲ್ಲ. ಹೊರಗಿನಿಂದ ಬರುವ ಸಣ್ಣ ಟ್ರಕ್ಕಿಗೆ ಅಮೆರಿಕ 1964ರಿಂದ ಶೇ. 25 ಸುಂಕ ಹಾಕುತ್ತಾ ಬಂದಿದೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು ಅನ್ನೋ ಸಿಟ್ಟಿಗೆ ಶುರುವಾದದ್ದು, ಅದಕ್ಕೇ ಇದರ ಹೆಸರು 'ಚಿಕನ್ ಟ್ಯಾಕ್ಸ್'. ಕೋಳಿ ಜಗಳ ಮುಗಿದು ಎಷ್ಟೋ ವರ್ಷ ಆಯಿತು, ಟ್ರಕ್ಕಿನ ಸುಂಕ ಹಾಗೇ ಉಳಿದಿದೆ.

ಬಗ್ಗಿ ತಳ ನೋಡಿ

ಷೋರೂಮಿನಲ್ಲಿ ಎಲ್ಲರೂ ಮುಂಭಾಗ ನೋಡುತ್ತಾರೆ. ನೀವು ಹಿಂದೆ ಹೋಗಿ ಮೊಣಕಾಲೂರಿ ಬಗ್ಗಿ. ಹಿಂದಿನ ಎರಡು ಚಕ್ರದ ನಡುವೆ, ಆಕ್ಸಲ್ (ಎರಡೂ ಚಕ್ರ ಸೇರಿಸುವ ದಂಡ) ಮೇಲೆ, ಒಂದು ಕುಂಬಳಕಾಯಿಯಂಥ ಉಬ್ಬು ಕಾಣುತ್ತದೆ. ಅದೇ ಡಿಫರೆನ್ಷಿಯಲ್, ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಗೇರಿನ ಪೆಟ್ಟಿಗೆ. ಹೆಚ್ಚಿನ ಪಿಕಪ್‌ಗಳಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಇದೇ. ನೆಲದಿಂದ ಅದರ ತಳಕ್ಕೆ ಟೇಪು ಹಿಡಿಯಿರಿ. 2016ರಿಂದ 2023ರವರೆಗಿನ ಟಕೋಮಾ ಫೋರ್ ವೀಲ್ ಗಾಡಿಗಳಿಗೆ ಕಂಪನಿ ಕೊಡುವ ಅಂಕಿ ಒಂಬತ್ತು ಇಂಚಿಗಿಂತ ಸ್ವಲ್ಪ ಜಾಸ್ತಿ. ಹೋಂಡಾ ರಿಡ್ಜ್‌ಲೈನ್‌ಗೆ ಏಳೂವರೆ ಇಂಚಿನ ಆಸುಪಾಸು. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದ ದಿಬ್ಬದ ಎತ್ತರ, ಹಿಮದ ಎತ್ತರ ತೆಗೆದು ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. "ನಾಲ್ಕು ಇಂಚು ಲಿಫ್ಟ್ ಮಾಡಿದ ಗಾಡಿ" ಅಂತ ಜಾಹೀರಾತು ಇರುತ್ತದೆ. ಲಿಫ್ಟ್ ಏರಿಸುವುದು ಬಾಡಿಯನ್ನು, ಅದನ್ನು ಹೊತ್ತ ಉಕ್ಕಿನ ಚೌಕಟ್ಟನ್ನು, ಅಂದರೆ ಫ್ರೇಮನ್ನು. ಹಿಂದಿನ ಆಕ್ಸಲ್ ಚಕ್ರಕ್ಕೇ ಕಟ್ಟಿಕೊಂಡಿದೆ, ಆ ಕುಂಬಳಕಾಯಿ ಇದ್ದಲ್ಲೇ ಇರುತ್ತದೆ. ಅದು ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಅದೂ ಅರ್ಧ ಲೆಕ್ಕ: ಟೈರಿನ ಎತ್ತರ ಎರಡು ಇಂಚು ಹೆಚ್ಚಾದರೆ ಆಕ್ಸಲ್ ಏರುವುದು ಒಂದೇ ಇಂಚು. ಲಿಫ್ಟ್ ಆದ ಗಾಡಿ ನೋಡಲು ಗತ್ತಾಗಿರುತ್ತದೆ ನಿಜ, ಆದರೆ ತಿರುವಿನಲ್ಲಿ ವಾಲುತ್ತದೆ. ನಿಮ್ಮ ಅಮ್ಮ ಊರಿಂದ ಬಂದಾಗ ಹತ್ತಿಸಲು ಸ್ಟೂಲ್ ಬೇಕಾಗುತ್ತದೆ.

ಮೂತಿಯ ಕೆಳಗಿನ ಇಳಿಜಾರು, ಬಾಲದ ಕೆಳಗಿನ ಇಳಿಜಾರು ಕೂಡ ನೋಡಿ. ಕೆಲವು ಹೊಸ ಗಾಡಿಗಳ ಮುಂದೆ, ಬಂಪರ್ ಕೆಳಗೆ, ಗಾಳಿ ಸೀಳಲು ಒಂದು ಪ್ಲಾಸ್ಟಿಕ್ ತುಟಿ ಇಳಿಬಿಟ್ಟಿರುತ್ತಾರೆ. ಮೊದಲ ಹಿಮಗುಡ್ಡೆಯಲ್ಲೇ ಅದು ಕಿತ್ತು ಹೋಗುತ್ತದೆ. ಬಿಚ್ಚಲು ಬರುತ್ತದಾ ಅಂತ ಕೇಳಿ. ಉದ್ದ ಬೆಡ್ (ಹಿಂದೆ ಸಾಮಾನು ಹಾಕುವ ತೆರೆದ ಭಾಗ) ಇರುವ ಗಾಡಿ ದಿಬ್ಬ ದಾಟುವಾಗ ನಡು ತಾಗುತ್ತದೆ, ಕಿರಿದಾದ ಕಡೆ ತಿರುಗಿಸುವುದೂ ಕಷ್ಟ. ಐದು ಅಡಿ ಬೆಡ್ ನಮಗೆ ಸಾಕಾಯಿತು.

ಫೋರ್ ವೀಲ್ ಡ್ರೈವ್: ಯಾವ ತರದ್ದು?

'ಫೋರ್ ಬೈ ಫೋರ್' ಅಂತ ಅಂಟಿಸಿದ್ದೆಲ್ಲ ಒಂದೇ ಅಲ್ಲ. ಸ್ವಿಚ್ ಏನೇನಿದೆ ಅಂತ ನೋಡಿ.

2ಎಚ್ (ಎರಡೇ ಚಕ್ರಕ್ಕೆ ಶಕ್ತಿ), 4ಎಚ್ (ನಾಲ್ಕಕ್ಕೂ), 4ಎಲ್ (ನಾಲ್ಕಕ್ಕೂ, ನಿಧಾನದ ಗೇರಿನಲ್ಲಿ) ಅಂತ ಮೂರೇ ಇದ್ದರೆ ಅದು ಪಾರ್ಟ್ ಟೈಮ್. 4ಎಚ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುವ ಹಾಗೆ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಹಿಮ, ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗ ಇಲ್ಲ. ಸ್ಟೀರಿಂಗ್ ಬಿಗಿಯುತ್ತದೆ, ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಹಾಗೇ ಓಡಿಸಿದರೆ ಒಳಗಿನ ಗೇರಿನ ಹಲ್ಲು ಮುರಿಯಬಹುದು.

'ಆಟೋ' ಅಂತ ಇನ್ನೊಂದು ಜಾಗ ಇದ್ದರೆ ಗಾಡಿಯೇ ನೋಡಿಕೊಂಡು ಮುಂದಿನ ಚಕ್ರಕ್ಕೆ ಶಕ್ತಿ ಕಳಿಸುತ್ತದೆ, ಒಣ ರಸ್ತೆಯಲ್ಲೂ ತೊಂದರೆ ಇಲ್ಲ. ಸಿಲ್ವೆರಾಡೊದ ಹಲವು ಮಾದರಿಗಳಲ್ಲಿ ಇದೆ, ಎಫ್-150ರಲ್ಲಿ ಕೆಲವಕ್ಕೆ ಮಾತ್ರ. ನನ್ನ ಹೆಂಡತಿಯ ಘಾಟಿ ರಸ್ತೆ ನೋಡಿ: ಅರ್ಧ ಮೈಲಿ ಒಣ ಡಾಂಬರು, ಒಂದು ನೆರಳಿನ ತಿರುವಿನಲ್ಲಿ ಮಂಜುಗಡ್ಡೆ, ಮತ್ತೆ ಒಣ. ಕತ್ತಲಲ್ಲಿ ಪ್ರತಿ ತಿರುವಿಗೂ ಸ್ವಿಚ್ ತಿರುಗಿಸಲು ಆಗುತ್ತದಾ? ಅಂಥ ರಸ್ತೆ ನಿಮ್ಮದಾದರೆ ಆಟೋ ಇರುವುದನ್ನೇ ಹುಡುಕಿ. ನಾವು ಹುಡುಕಿದ್ದು ಅದನ್ನೇ. ಕೊನೆಗೆ ತಂದದ್ದು ಯಾವ ಕಂಪನಿಯ ಗಾಡಿ ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಉಳಿದದ್ದೆಲ್ಲ ಬಿಟ್ಟು ಆ ಹೆಸರೊಂದೇ ತಲೆಯಲ್ಲಿ ಉಳಿಯುತ್ತದೆ.

ರಿಡ್ಜ್‌ಲೈನ್‌ನಂಥ ಆಲ್ ವೀಲ್ ಡ್ರೈವ್ ಪಿಕಪ್ ಹೈವೇಯ ಹಿಮಕ್ಕೆ ತುಂಬಾ ಚೆನ್ನ. ಆದರೆ 4ಎಲ್ ಇಲ್ಲ. 4ಎಲ್ ಅಂದರೆ ಇರುವೆಯ ಹಾಗೆ ತೆವಳುವ ಗೇರು. ಜನ ಅದನ್ನು ಹತ್ತಲು ಬೇಕು ಅಂದುಕೊಳ್ಳುತ್ತಾರೆ. ನನಗೆ ಅದು ಹೆಚ್ಚು ಬೇಕಾಗಿರುವುದು ಇಳಿಯಲು. ಹಿಮದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರಿ ಗಾಡಿ ಅಡ್ಡ ತಿರುಗಬಹುದು. 4ಎಲ್‌ನಲ್ಲಿ ಎಂಜಿನ್ನೇ ಹಿಡಿದು ನಿಧಾನ ಇಳಿಸುತ್ತದೆ, ಬ್ರೇಕಿಗೆ ಹೆಚ್ಚು ಕಾಲಿಡುವುದೇ ಬೇಡ.

ಆಮೇಲೆ ಲಾಕರ್. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೆ ಶಕ್ತಿಯೆಲ್ಲ ಅದಕ್ಕೇ ಹೋಗಿ ಪೋಲಾಗುತ್ತದೆ, ನೆಲದಲ್ಲಿರುವ ಚಕ್ರ ಸುಮ್ಮನಿರುತ್ತದೆ. ಲಾಕರ್ ಹಾಕಿದರೆ ಎರಡೂ ಒಟ್ಟಿಗೇ ತಿರುಗಬೇಕು. ಟಕೋಮಾ ಟಿಆರ್‌ಡಿ ಆಫ್-ರೋಡ್, ಫ್ರಾಂಟಿಯರ್ ಪ್ರೊ-4ಎಕ್ಸ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಇದೆ. ಗ್ಲಾಡಿಯೇಟರ್ ರೂಬಿಕಾನ್, ಕೊಲೊರಾಡೊ ಝಡ್‌ಆರ್2 ಗಾಡಿಗಳಲ್ಲಿ ಮುಂದೆ ಹಿಂದೆ ಎರಡಕ್ಕೂ. ದಿನಾ ಓಡಾಡುವ ಮಣ್ಣಿನ ರಸ್ತೆಗೆ ಹಿಂದಿನದೊಂದು ಸಾಕು. ನಮ್ಮ ಮನೆಯಲ್ಲಿ ವರ್ಷಕ್ಕೆ ಆರೇಳು ಸಲ ಅದನ್ನು ಹಾಕುತ್ತೇವೆ. ಆದರೆ ಆ ಆರೇಳು ಸಲವೂ ಅದಿಲ್ಲದಿದ್ದರೆ ಅಜ್ಜನಿಗೆ ಫೋನ್ ಮಾಡಬೇಕಾಗುತ್ತಿತ್ತು.

ಮತ್ತೊಂದು ಮಾತು. ಫೋರ್ ವೀಲ್ ಡ್ರೈವ್ ಅನ್ನೋದು ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಲು ಎಲ್ಲ ಗಾಡಿಗೂ ಇರುವುದು ಅದೇ ನಾಲ್ಕು ಟೈರು. ಹಿಮದ ದಿನ ಐ-70 ಹೈವೇ ಪಕ್ಕದ ಚರಂಡಿಯಲ್ಲಿ ದೊಡ್ಡ ದೊಡ್ಡ ಫೋರ್ ವೀಲ್ ಗಾಡಿಗಳೇ ಬಿದ್ದಿರುತ್ತವೆ.

ಟೈರಿಗೆ ಮೊದಲು ಹಣ ತೆಗೆದಿಡಿ

ಮಲೆನಾಡಿನಲ್ಲಿ ಮಳೆಗಾಲಕ್ಕೆ ಎಸ್ಟೇಟ್ ಜೀಪಿನ ಚಕ್ರಕ್ಕೆ ಚೈನ್ ಕಟ್ಟುವುದನ್ನು ನೋಡಿದವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಆ ಜೀಪುಗಳಿಗೆ ಕಂಪ್ಯೂಟರ್ ಇಲ್ಲ, ಸ್ವಿಚ್ ಇಲ್ಲ. ಇದ್ದದ್ದು ಕಿರಿದಾದ ಟೈರು, ಒರಟು ಬಟನ್ (ಟೈರಿನ ಮೈಮೇಲಿನ ರಬ್ಬರ್ ಉಬ್ಬುಗಳು), ಮೇಲೊಂದು ಚೈನು. ಅಷ್ಟರಲ್ಲೇ ಕೊಚ್ಚೆಯಲ್ಲಿ ಗುಡ್ಡ ಹತ್ತುತ್ತವೆ.

ಗಾಡಿಯ ಬೆಲೆ ಕಟ್ಟುವಾಗಲೇ ಟೈರಿಗೆ ಅಂತ ಸಾವಿರಕ್ಕಿಂತ ಮೇಲೆ ಡಾಲರ್ ಪಕ್ಕಕ್ಕಿಡಿ. ಹೊಸ ಗಾಡಿಯ ಜೊತೆ ಬರುವ ಟೈರು ಎಷ್ಟೋ ಸಲ ಹೈವೇಗೆ ಅಂತಲೇ ಮಾಡಿದ್ದು.

ಟೈರಿನ ಪಕ್ಕದಲ್ಲಿ ಎರಡು ಗುರುತು ನೋಡಿ. 'ಎಂ ಪ್ಲಸ್ ಎಸ್' ಅಂದರೆ ಕೆಸರು, ಹಿಮ ಅಂತ. ಅದು ಬಟನ್‌ನ ಆಕಾರ ನೋಡಿ ಕೊಡುವ ಗುರುತು, ಪರೀಕ್ಷೆ ಮಾಡಿ ಕೊಡುವುದಲ್ಲ. ಇನ್ನೊಂದು, ಮೂರು ಶಿಖರದ ಬೆಟ್ಟದ ಒಳಗೆ ಹಿಮದ ಹರಳಿನ ಚಿತ್ರ. ಇದು ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟೈರಿಗೆ ಮಾತ್ರ. ಆದರೆ ಅಲ್ಲೂ ಪರೀಕ್ಷೆ ಮಾಡುವುದು ಹಿಮದಲ್ಲಿ ಮುಂದಕ್ಕೆ ಎಳೆಯುವ ಹಿಡಿತವನ್ನು. ಮಂಜುಗಡ್ಡೆಯ ಮೇಲೆ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಅಂತ ಆ ಚಿತ್ರ ಹೇಳುವುದಿಲ್ಲ.

ನಿಮ್ಮ ಮುಂದೆ ಮೂರು ದಾರಿ ಇವೆ. ಒಂದೇ ಸೆಟ್ ಸಾಕು, ಚೂಪು ಕಲ್ಲೂ ಇದೆ, ಹಿಮವೂ ಇದೆ ಅಂದರೆ ಆ ಬೆಟ್ಟದ ಗುರುತಿರುವ ಆಲ್ ಟೆರೇನ್ ಟೈರು. ಬಿಎಫ್ ಗುಡ್‌ರಿಚ್ ಕೆಒ2, ಫಾಲ್ಕನ್ ವೈಲ್ಡ್‌ಪೀಕ್ ಎಟಿ3ಡಬ್ಲ್ಯು ಅಂಥವು ಬಹುತೇಕ ಅಳತೆಗಳಲ್ಲಿ ಆ ಗುರುತಿನ ಜೊತೆಗೇ ಬರುತ್ತವೆ. ಎರಡನೆಯದು, ಬೇಸಿಗೆಗೊಂದು ಸೆಟ್, ಚಳಿಗೊಂದು ಸೆಟ್. ಚಳಿಗಾಲದ ಟೈರಿನ ರಬ್ಬರ್ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಮೆತ್ತಗಿರುತ್ತದೆ. ಮಾಮೂಲಿ ರಬ್ಬರ್ ಆಗ ಕಲ್ಲಾಗುತ್ತದೆ. ಈ ಕಸುಬಿನಲ್ಲಿ ಫಿನ್ಲೆಂಡಿನವರು ಹಳಬರು. ನೋಕಿಯನ್ ಕಂಪನಿ ಲಾರಿಗಳಿಗೆ ಚಳಿಗಾಲದ ಟೈರು ಮಾಡಿದ್ದು 1934ರಲ್ಲಿ. ಮಂಜುಗಡ್ಡೆಯ ಘಾಟಿ ದಿನಾ ದಾಟುವವರಿಗೆ ಎರಡು ಸೆಟ್ಟೇ ಸರಿ; ನಾವು ಮಾಡಿದ್ದು ಅದೇ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ, ಹಾಗಾಗಿ ಖರ್ಚು ಅಂದುಕೊಂಡಷ್ಟು ಜಾಸ್ತಿ ಅಲ್ಲ. ಮೂರನೆಯದು ಮಡ್ ಟೆರೇನ್, ದೊಡ್ಡ ದೊಡ್ಡ ಗಡ್ಡೆಗಳಿರುವ ಟೈರು. ನೋಡಲು ರಾಕ್ಷಸ. ಮಂಜುಗಡ್ಡೆಯ ಮೇಲೆ ಹಿಡಿತ ಕೊಡುವುದು ಬಟನ್ ಮೇಲಿನ ಸಣ್ಣ ಸಣ್ಣ ಸೀಳುಗಳು, ಇದರಲ್ಲಿ ಅವು ಕಡಿಮೆ. ಹಿಮದ ರಸ್ತೆಗೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಅಗಲ ಟೈರಿನ ಆಸೆ ಬೇಡ. ಕಿರಿದಾದದ್ದು ಹಿಮವನ್ನು ಸೀಳಿ ನೆಲ ಮುಟ್ಟುತ್ತದೆ, ಅಗಲದ್ದು ಮೇಲೆ ತೇಲುತ್ತದೆ. ಚೂಪು ಕಲ್ಲಿದ್ದರೆ 'ಇ' ಲೋಡ್ ರೇಂಜ್ ಟೈರು ನೋಡಿ, ಪಕ್ಕದ ಗೋಡೆ ಗಟ್ಟಿ. ರೈಡ್ ಸ್ವಲ್ಪ ಒರಟಾಗುತ್ತದೆ. ಅದಕ್ಕೆ ಮದ್ದು ಗಾಳಿಯಲ್ಲಿದೆ. ಮಣ್ಣಿನ ರಸ್ತೆ ಶುರುವಾಗುವ ಕಡೆ ನಿಲ್ಲಿಸಿ ಟೈರಿನ ಗಾಳಿಯನ್ನು 35ರಿಂದ 25 ಪಿಎಸ್ಐಗೆ ಇಳಿಸಿ ನೋಡಿ, ಶೀಟ್ ರಸ್ತೆ ಚಾಪೆ ಹಾಸಿದ ಹಾಗಾಗುತ್ತದೆ. ಹೈವೇ ಹತ್ತುವ ಮೊದಲು ಮತ್ತೆ ತುಂಬಿಸಬೇಕು, ಮರೆಯಬಾರದು. ಹನ್ನೆರಡು ವೋಲ್ಟಿನ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಚಳಿ ತಾನಾಗಿಯೇ ಗಾಳಿ ಇಳಿಸುತ್ತದೆ ಅನ್ನೋದೂ ಗಮನದಲ್ಲಿರಲಿ: ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು ಒಂದು ಪಿಎಸ್ಐ.

ಕೊಲೊರಾಡೊದಲ್ಲಿ ಕಾನೂನೂ ಇದೆ. ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರಿನ ಬಟನ್ ಕನಿಷ್ಠ ಒಂದು ಇಂಚಿನ 3/16 ಭಾಗ ಉಳಿದಿರಬೇಕು, ಅಂದರೆ ಐದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಫೋರ್ ವೀಲ್ ಇದ್ದರೂ ಈ ಬಟನ್ ಲೆಕ್ಕ ತಪ್ಪುವುದಿಲ್ಲ. ಬಟನ್ ಅಳೆಯುವ ಕಡ್ಡಿ ಕೆಲವೇ ಡಾಲರಿಗೆ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿರಲಿ.

ಚೈನ್ ಕೊಳ್ಳುವ ಮೊದಲು ಗಾಡಿಯ ಪುಸ್ತಕ ಓದಿ. ಕೆಲವು ಗಾಡಿಯಲ್ಲಿ ಚಕ್ರದ ಒಳಗೆ ಜಾಗ ಕಡಿಮೆ, ತೆಳು ಚೈನ್ ಮಾತ್ರ ಹಿಡಿಸುತ್ತದೆ. ಯಾವ ಚಕ್ರಕ್ಕೆ ಕಟ್ಟಬೇಕು ಅಂತಲೂ ಅದರಲ್ಲೇ ಇರುತ್ತದೆ. ಮನೆಯಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಒಂದು ಸಲ ಕಟ್ಟಿ ಬಿಚ್ಚಿ ಕಲಿಯಿರಿ.

ಎಂಜಿನ್, ಚಳಿ, ಎತ್ತರ

ಇದರ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. 10,000 ಅಡಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಯಿತು ಅನ್ನಿ. ಟರ್ಬೊಗೆ ಈ ಕಷ್ಟ ಕಡಿಮೆ. ಬೆಟ್ಟದಲ್ಲಿ ಟ್ರೇಲರ್ ಎಳೆಯುವವರು ಟರ್ಬೊ ನೋಡಿ, ಉಳಿದವರಿಗೆ ಯಾವುದಾದರೂ ನಡೆಯುತ್ತದೆ.

ಡೀಸೆಲ್ ಬಲಶಾಲಿ, ಆದರೆ ಚಳಿಗೆ ಮುನಿಸಿಕೊಳ್ಳುತ್ತದೆ. ಮಾಮೂಲಿ ಡೀಸೆಲ್ ತುಂಬಾ ಚಳಿಯಲ್ಲಿ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವ 12 ಡಿಗ್ರಿ ಫ್ಯಾರನ್‌ಹೀಟ್‌ಗೇ ಹೆಪ್ಪುಗಟ್ಟುತ್ತದೆ. ಗಾಡಿಯಲ್ಲಿ ಅದಕ್ಕೆ ಹೀಟರ್ ಇರುತ್ತದೆ ನಿಜ, ಕೆಟ್ಟರೆ ರಿಪೇರಿಯೂ ದುಬಾರಿ. ಭಾರ ಎಳೆಯುವ ಕೆಲಸ ಇಲ್ಲದಿದ್ದರೆ ಪೆಟ್ರೋಲ್ ಗಾಡಿಯೇ ಇರಲಿ. ಬ್ಯಾಟರಿ ಮೇಲಿನ ಸಿಸಿಎ ಅಂಕಿ 0 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅದು ಎಷ್ಟು ಕರೆಂಟ್ ಕೊಡುತ್ತದೆ ಅಂತ ಹೇಳುತ್ತದೆ. ಆ ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಇನ್ನೂ ಉತ್ತರದಲ್ಲಿರುವವರು ಎಂಜಿನ್ ಬ್ಲಾಕ್ ಹೀಟರ್ ಇದೆಯಾ ನೋಡಿ, ರಾತ್ರಿ ಪ್ಲಗ್ ಹಾಕಿಟ್ಟರೆ ಬೆಳಿಗ್ಗೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಎಲ್ಇಡಿ ಹೆಡ್‌ಲೈಟ್. ಹಳೇ ಬಲ್ಬಿನ ಬಿಸಿಗೆ ಗಾಜಿನ ಮೇಲಿನ ಹಿಮ ಕರಗುತ್ತಿತ್ತು. ಎಲ್ಇಡಿಗೆ ಅಷ್ಟು ಬಿಸಿ ಇಲ್ಲ. ಹಿಮ ಬೀಳುವಾಗ ನಡುನಡುವೆ ಇಳಿದು ಒರೆಸಬೇಕು.

ಸೆಕೆಂಡ್ ಹ್ಯಾಂಡ್ ಆದರೆ ಸುತ್ತಿಗೆ ಒಯ್ಯಿರಿ

ನಾವು ಮೊದಲು ಮೆಚ್ಚಿದ ಗಾಡಿ ಫೋಟೊದಲ್ಲಿ ಮದುಮಗಳ ಹಾಗಿತ್ತು. ಡೆನ್ವರ್ ಪಕ್ಕ ಒಬ್ಬರ ಮನೆ ಮುಂದೆ ನಿಂತಿತ್ತು. ಬಣ್ಣ ಹೊಳೆಯುತ್ತಿತ್ತು, ಸೀಟು ಹೊಸದರ ಹಾಗಿತ್ತು. ಹಳೇ ದಾಖಲೆಯಲ್ಲಿ ಒಹಾಯೊದಲ್ಲಿ ಏಳು ವರ್ಷ ಓಡಿದ್ದು ಅಂತ ಇತ್ತು. ಒಹಾಯೊ, ಮಿಷಿಗನ್, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಗಾಡಿಯ ತಳ ತಿನ್ನುತ್ತದೆ. ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿಯೇ ಹೇಳಿದ್ದು: "ಅಡ್ವಾನ್ಸ್ ಕೊಡೋಕೆ ಮೊದಲು ಕೆಳಗೆ ಒಮ್ಮೆ ನೋಡ್ರೀ."

ರಟ್ಟು ಹಾಸಿಕೊಂಡು ಕೆಳಗೆ ತೂರಿದೆ. ಫ್ರೇಮಿಗೆ ಆಗತಾನೇ ಬಳಿದ ಹಾಗೆ ಕಪ್ಪು ಬಣ್ಣ, ಇನ್ನೂ ವಾಸನೆ ಬರುತ್ತಿತ್ತು. ಹೊಸ ಬಣ್ಣ ಕಂಡರೆ ಅನುಮಾನ ಪಡಬೇಕು ಅಂತ ಅಜ್ಜ ಹೇಳಿದ್ದ. ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಬಡಿಯುತ್ತಾ ಬಂದೆ. ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಅದೇ ರೀತಿ. ಠಣ್, ಠಣ್, ಠಣ್. ಹಿಂದಿನ ಸ್ಪ್ರಿಂಗ್ ಪಟ್ಟಿ ಫ್ರೇಮಿಗೆ ಸೇರುವ ಕಡೆ ಬಂದಾಗ 'ಥಪ್' ಅಂದಿತು. ಸ್ಕ್ರೂಡ್ರೈವರ್ ತೆಗೆದು ಒತ್ತಿದೆ. ಬಣ್ಣದ ಸಿಪ್ಪೆ ಎದ್ದು, ಕಂದು ಪುಡಿ ಮುಖದ ಮೇಲೆ ಉದುರಿ, ಸ್ಕ್ರೂಡ್ರೈವರ್ ಅರ್ಧದಷ್ಟು ಒಳಗೆ ಹೋಯಿತು. ಎದ್ದು ಬಂದು ಮಾರುವವರ ಮುಖ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.

ಫ್ರೇಮಿನ ತುಕ್ಕು ಸಣ್ಣ ವಿಷಯ ಅಲ್ಲ. 2005ರಿಂದ 2010ರವರೆಗಿನ ಟಕೋಮಾ, 2007–08ರ ಟಂಡ್ರಾ, 2005–08ರ ಸೆಕ್ವೊಯಾ ಗಾಡಿಗಳ ಫ್ರೇಮ್ ತುಕ್ಕು ಹಿಡಿದ ಕೇಸಿನಲ್ಲಿ ಟೊಯೋಟಾ 2016ರಲ್ಲಿ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಆ ವರ್ಷಗಳ ಗಾಡಿ ನೋಡುತ್ತಿದ್ದರೆ ಫ್ರೇಮ್ ಬದಲಾಗಿದೆಯಾ ಅಂತ ಕಾಗದ ಕೇಳಿ. ಬದಲಾಗಿದ್ದರೆ ಅದೊಂದು ಲಾಭವೇ. 2015ರಿಂದ ಎಫ್-150 ಬಾಡಿ ಅಲ್ಯೂಮಿನಿಯಂ, ಅದಕ್ಕೆ ತುಕ್ಕಿಲ್ಲ. ಆದರೆ ಕೆಳಗಿನ ಫ್ರೇಮ್ ಉಕ್ಕಿನದೇ. ಕೊಲೊರಾಡೊದಲ್ಲೇ ಇದ್ದ ಗಾಡಿ ಅಂತ ಪೂರ್ತಿ ನಂಬಬೇಡಿ. ಇಲ್ಲಿ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತಾರೆ, ಚಳಿಯಲ್ಲಿ ಹಿಮಕ್ಕೆ, ಬೇಸಿಗೆಯಲ್ಲಿ ಮಣ್ಣಿನ ರಸ್ತೆಯ ಧೂಳಿಗೆ. ಅದೂ ಕಬ್ಬಿಣ ತಿನ್ನುತ್ತದೆ. ಕೊಂಡ ಮೇಲೆ ವರ್ಷಕ್ಕೊಮ್ಮೆ ತಳಕ್ಕೆ ಉಣ್ಣೆ ಜಿಡ್ಡಿನ (ಲ್ಯಾನೊಲಿನ್) ಸ್ಪ್ರೇ ಹೊಡೆಸಿ. ರಬ್ಬರಿನಂಥ ದಪ್ಪ ಲೇಪ ಬೇಡ, ಒಳಗೆ ನೀರು ಸೇರಿದರೆ ಹೊರಗೆ ಬರುವುದಿಲ್ಲ.

ನೋಡಲು ಹೋಗುವ ಮೊದಲು ಫೋನಿನಲ್ಲಿ ಒಂದು ಮಾತು ಹೇಳಿ: "ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಆಮೇಲೆ ಜಲ್ಲಿ ಹಾಸಿದ ಒಂದು ಜಾಗಕ್ಕೆ ಒಯ್ದು 4ಎಚ್, 4ಎಲ್ ಎರಡನ್ನೂ ಹಾಕಿ ತೆಗೆಯಿರಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಆಮೇಲೆ 4ಎಲ್. ಎಷ್ಟೋ ಜನ ವರ್ಷಗಟ್ಟಲೆ ಅದನ್ನು ಹಾಕಿಯೇ ಇರುವುದಿಲ್ಲ, ಒಳಗೆ ಹಿಡಿದುಕೊಂಡಿರುತ್ತದೆ. ಲಾಕರ್ ಸ್ವಿಚ್ ಒತ್ತಿದರೆ ದೀಪ ಮಿನುಗುತ್ತಲೇ ಇರಬಾರದು, ಪೂರ್ತಿ ಹತ್ತಿಕೊಳ್ಳಬೇಕು. ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ನಂಬರ್) ಹಾಕಿದರೆ ಬಾಕಿ ಇರುವ ರೀಕಾಲ್‌ಗಳನ್ನು, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದನ್ನು, ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಪುಟದಲ್ಲಿ ಪುಕ್ಕಟೆ ನೋಡಬಹುದು.

ಮನೆಗೆ ತಂದ ಮೇಲೆ

ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಹಿಮದಲ್ಲಿ ಬಾಲ ಅಲ್ಲಾಡಿಸುತ್ತದೆ. 60 ಪೌಂಡಿನ ನಾಲ್ಕೈದು ಮರಳು ಚೀಲ ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಬಿಗಿಯಾಗಿ ಕಟ್ಟಿ. ತೀರಾ ಹಿಂದೆ, ಬಾಗಿಲ ಹತ್ತಿರ ಇಡಬೇಡಿ, ಮೂತಿ ಎದ್ದುಬಿಡುತ್ತದೆ. ಸಿಕ್ಕಿಕೊಂಡರೆ ಅದೇ ಮರಳು ಚಕ್ರದ ಕೆಳಗೆ ಸುರಿಯಲೂ ಆಗುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕ್ಕರ್ ಇದೆ, ಜನ, ಸಾಮಾನು ಸೇರಿ ಎಷ್ಟು ಪೌಂಡ್ ಹೊರಬಹುದು ಅಂತ. ಮರಳಿನ ಮುನ್ನೂರು ಪೌಂಡು ಅದರಲ್ಲೇ ಕಳೆಯಬೇಕು.

ಮೊದಲ ಹಿಮ ಬಿದ್ದ ಭಾನುವಾರ ಯಾವುದಾದರೂ ಖಾಲಿ ಮೈದಾನಕ್ಕೆ ಹೋಗಿ, 15 ಮೈಲಿ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ ನೋಡಿ. ಎಬಿಎಸ್ (ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಕಾಲಿನ ಕೆಳಗೆ ಕಟಕಟ ಅನ್ನುತ್ತದೆ, ಹೆದರಬೇಡಿ. ನಿಲ್ಲಲು ಎಷ್ಟು ದೂರ ಬೇಕು ಅಂತ ಹೆಜ್ಜೆ ಹಾಕಿ ಅಳೆಯಿರಿ. ನನ್ನ ಹೆಂಡತಿ ಅಳೆದು ಬಂದು, ಆ ವಾರದಿಂದ ಹತ್ತು ನಿಮಿಷ ಮುಂಚೆ ಹೊರಡಲು ಶುರು ಮಾಡಿದಳು.

ಹೂತುಕೊಂಡಾಗ ಎಳೆಸುವ ಹಗ್ಗವನ್ನು ಫ್ರೇಮಿಗೆ ಕಟ್ಟಿರುವ ಕೊಕ್ಕೆಗೇ ಹಾಕಿ. ಟ್ರೇಲರ್ ಸಿಕ್ಕಿಸುವ ಗುಂಡಿಗೆ, ಅಂದರೆ ಆ ಕಬ್ಬಿಣದ ಚೆಂಡಿಗೆ ಯಾವತ್ತೂ ಹಾಕಬೇಡಿ. ಅದು ಕಿತ್ತು ಬಂದರೆ ಫಿರಂಗಿ ಗುಂಡೇ. ಸಿಕ್ಕಿಕೊಂಡ ಗಾಡಿಯಲ್ಲಿ ಹೀಟರ್ ಹಾಕಿ ಕೂರುವ ಮೊದಲು ಇಳಿದು ಹೊಗೆ ಕೊಳವೆಯ ಸುತ್ತ ಹಿಮ ತೆಗೆಯಿರಿ. ಅದು ಮುಚ್ಚಿಕೊಂಡರೆ ಹೊಗೆಯಲ್ಲಿರುವ ವಿಷದ ಅನಿಲ (ಕಾರ್ಬನ್ ಮಾನಾಕ್ಸೈಡ್) ಒಳಗೇ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಕಂಬಳಿ, ಟಾರ್ಚು, ಚೈನು, ಕಂಪ್ರೆಸರ್, ಎರಡು ಬಾಟಲಿ ನೀರು, ಒಂದಿಷ್ಟು ಚಕ್ಕುಲಿ, ಇವೆಲ್ಲ ಹಿಂದಿನ ಸೀಟಿನ ಕೆಳಗೆ ಹಿಡಿಸುತ್ತವೆ. ಸಲಿಕೆಯನ್ನೂ ಕ್ಯಾಬಿನ ಒಳಗೇ ಇಡಿ. ನಾನು ಮೊದಲು ಹಿಂದೆ ಬೆಡ್ಡಿನಲ್ಲಿ ಇಟ್ಟಿದ್ದೆ. ರಾತ್ರಿಯೆಲ್ಲ ಬಿದ್ದ ಹಿಮದ ಕೆಳಗಿಂದ ಅದನ್ನು ತೆಗೆಯಲು ಅಜ್ಜನ ಸಲಿಕೆ ಕೇಳಿ ತರಬೇಕಾಯಿತು.